ಕುಂದಾದ್ರಿಯ ಏರನ್ನು ಸೈಕಲ್ಲಿನಲ್ಲಿ ಹತ್ತುವುದು ಹೇಗೆ

ಕಡಿದಾದ ಏರು ಹತ್ತುತ್ತೀರೋ ಇಲ್ಲವೋ ಅನ್ನುವುದು ಬುಡದ ಮುನ್ನೂರು ಮೀಟರಿನಲ್ಲೇ ತೀರ್ಮಾನ ಆಗಿಬಿಡುತ್ತದೆ. ಮೇಲಿನ ತಿರುವಿನಲ್ಲಿ ಕಾಲು ಸೋತು ಇಳಿದವರನ್ನು ಕೇಳಿ ನೋಡಿ. ಹೆಚ್ಚಿನವರು ಕೆಳಗೆ ಹುರುಪಿನಲ್ಲಿ ಜೋರಾಗಿ ಹೊರಟವರೇ. ತೀರ್ಥಹಳ್ಳಿಯಲ್ಲಿ ನನ್ನದು ಸೈಕಲ್ ಅಂಗಡಿ. ಅಪ್ಪನ ಕಾಲದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದೆವು. ಗುಡ್ಡ ಬಂದರೆ ಇಳಿದು ತಳ್ಳುವುದು ಆಗಿನ ರೂಢಿ. ಈಗ ಹುಡುಗ ಹುಡುಗಿಯರು ಗೇರ್ ಸೈಕಲ್ ಹಿಡಿದುಕೊಂಡು ಬಂದು, ಹತ್ತಿರದ ಕುಂದಾದ್ರಿ ಗುಡ್ಡ ಹತ್ತಬೇಕು ಅಂತ ಕೇಳುತ್ತಾರೆ. ಅವರನ್ನು ಅಂಗಡಿ ಕಟ್ಟೆಯ ಮೇಲೆ ಕೂರಿಸಿಕೊಂಡು ಏನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ ಬಂತೆಂದರೆ ನಾನು ಫ್ಲೆಶ್ ವಲ್ಲೋನ್ ಸೈಕಲ್ ರೇಸ್ ನೋಡದೆ ಇರುವುದಿಲ್ಲ. ಬೆಲ್ಜಿಯಂನಲ್ಲಿ 1936ರಲ್ಲಿ ಶುರುವಾದ ರೇಸ್ ಅದು. ಸುಮಾರು 200 ಕಿ.ಮೀ. ತುಳಿದು ಬಂದವರೆಲ್ಲ ಕೊನೆಗೆ ಮ್ಯೂಸ್ ನದಿಯ ದಡದಲ್ಲಿರುವ ವೀ ಅನ್ನುವ ಊರಿನ ಗುಡ್ಡ ಹತ್ತಬೇಕು. ಆ ಏರಿಗೆ ಮ್ಯೂರ್ ದ ವೀ ಅಂತ ಹೆಸರು. ಉದ್ದ ಬರೀ 1.3 ಕಿ.ಮೀ., ಸರಾಸರಿ ಏರು 9.6%. ನಡುವೆ ಎಸ್ ಆಕಾರದ ಒಂದು ತಿರುವಿದೆ, ಅಲ್ಲಿ ಏರು 19% ಮುಟ್ಟುತ್ತದೆ. 1985ರಿಂದ ಮುಕ್ತಾಯದ ಗೆರೆ ಈ ಗುಡ್ಡದ ತಲೆಯ ಮೇಲೇ ಇದೆ. ಆ ವರ್ಷ ಗೆದ್ದವರು ಬೆಲ್ಜಿಯಂನವರೇ ಆದ ಕ್ಲೋಡಿ ಕ್ರಿಕೆಲಿಯೊನ್, ಆ ಕಷ್ಟದ ತಿರುವಿಗೆ ಈಗ ಅವರದ್ದೇ ಹೆಸರು. ದಾರಿಯುದ್ದಕ್ಕೂ ಪುಟ್ಟ ಪುಟ್ಟ ಪ್ರಾರ್ಥನಾ ಗುಡಿಗಳಿವೆ, ಮೇಲೆ ಒಂದು ಚರ್ಚಿದೆ. ನಮ್ಮ ಕುಂದಾದ್ರಿಯ ತುದಿಯಲ್ಲೂ ಪಾರ್ಶ್ವನಾಥ ಬಸದಿ ಇದೆ ಅಲ್ವಾ? ಆ ರೇಸ್ ನೋಡುವಾಗೆಲ್ಲ ನನ್ನ ಕಣ್ಣೆದುರು ಬರುವುದು ಗುಡ್ಡೇಕೇರಿಯ ಆಚೆಗಿನ ಈ ಗುಡ್ಡವೇ.

ಸ್ಪೇನಿನ ಅಲೆಹಾಂಡ್ರೊ ವಾಲ್ವೆರ್ದೆ ಅಲ್ಲಿ ಐದು ಸಲ ಗೆದ್ದಿದ್ದಾರೆ. 2006ರಲ್ಲಿ ಒಮ್ಮೆ, ಆಮೇಲೆ 2014ರಿಂದ 2017ರ ತನಕ ಸಾಲಾಗಿ ನಾಲ್ಕು. ನೆದರ್ಲೆಂಡ್ಸಿನ ಆನಾ ವ್ಯಾನ್ ಡರ್ ಬ್ರೆಗನ್ ಮಹಿಳೆಯರ ರೇಸನ್ನು 2015ರಿಂದ 2021ರ ತನಕ ಏಳು ವರ್ಷವೂ ಬಿಡದೆ ಗೆದ್ದರು. ಈ ಇಬ್ಬರ ವಿಡಿಯೊಗಳನ್ನು ಹುಡುಕಿ ನೋಡಿ. ವಾಲ್ವೆರ್ದೆಯ ಭುಜ ನೋಡಿ, ಕೈ ನೋಡಿ. ಬುಡದಲ್ಲಿ ಗುಂಪಿನ ಮುಂಭಾಗದಲ್ಲಿ ಇರುತ್ತಾರೆ, ಆದರೆ ಮುನ್ನುಗ್ಗುವುದಿಲ್ಲ. ಯಾರೋ ಒಬ್ಬರು ಜೋರಾಗಿ ಹೊರಟರೂ ಇವರು ಬೆನ್ನು ಹತ್ತಲು ಗಾಬರಿ ಬೀಳುವುದಿಲ್ಲ. ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದ ಮೇಲೇ ಇದ್ದ ಶಕ್ತಿಯೆಲ್ಲ ಹೊರಗೆ ಬರುವುದು. ಮೊದಲೇ ಹೊರಟವರು ಅಷ್ಟು ಹೊತ್ತಿಗೆ ನಿಂತಲ್ಲೇ ನಿಂತಂತೆ ಆಗಿರುತ್ತಾರೆ. ಅವರ ವೇಗ ನಮಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆ ಲೆಕ್ಕಾಚಾರ ಮಾತ್ರ ನಮಗೂ ಬೇಕು.

ಏರನ್ನು ಅಳೆಯುವುದು

ಶೇಕಡ 10ರ ಏರು ಅಂದರೆ ನೂರು ಮೀಟರ್ ಮುಂದಕ್ಕೆ ಹೋಗುವಷ್ಟರಲ್ಲಿ ಹತ್ತು ಮೀಟರ್ ಮೇಲಕ್ಕೆ ಹೋಗುತ್ತೀರಿ ಅಂತ. ಮೊಬೈಲಿನ ಆ್ಯಪ್‌ಗಳು ಇದನ್ನು ತೋರಿಸುತ್ತವೆ. ಆದರೆ ದಟ್ಟ ಮರದ ಕೆಳಗೆ, ಚಿಕ್ಕ ತಿರುವಿನಲ್ಲಿ ಅವು ತೋರಿಸುವ ಲೆಕ್ಕ ನಂಬಿಕೊಂಡು ಹೋಗುವ ಹಾಗಿಲ್ಲ. ನಾನು ಹುಡುಗರಿಗೆ ಹೇಳಿಕೊಡುವುದು ಬೇರೆ ದಾರಿ. ಒಂದು ಮೀಟರ್ ಉದ್ದದ ನೇರ ಪಟ್ಟಿ ತಗೊಳ್ಳಿ. ಗಾರೆ ಕೆಲಸದವರ ಹತ್ತಿರ ಇರುವ ರಸಮಟ್ಟ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಪಟ್ಟಿಯ ಒಂದು ತುದಿಯನ್ನು ಏರಿನ ಮೇಲ್ಬದಿಗೆ ರಸ್ತೆಗೆ ತಾಗಿಸಿ. ಪಟ್ಟಿಯ ಬೆನ್ನ ಮೇಲೆ ರಸಮಟ್ಟ ಇಡಿ. ಈಗ ಕೆಳಬದಿಯ ತುದಿಯನ್ನು, ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಲ್ಲುವ ತನಕ, ಮೆಲ್ಲಗೆ ಎತ್ತಿ. ಆ ತುದಿಗೂ ರಸ್ತೆಗೂ ನಡುವೆ ಎಷ್ಟು ಸೆಂಟಿಮೀಟರ್ ಇದೆಯೋ ಅಷ್ಟು ಶೇಕಡ ಏರು. ಎಂಟು ಸೆಂ.ಮೀ. ಇದ್ದರೆ ಎಂಟು, ಹದಿನೈದು ಇದ್ದರೆ ಹದಿನೈದು.

ಹೀಗೆ ಒಂದು ದಿನ ಕುಂದಾದ್ರಿಯ ರಸ್ತೆಯನ್ನು ನಡೆದುಕೊಂಡು ಹತ್ತಿ, ಅಲ್ಲಲ್ಲಿ ಅಳತೆ ತೆಗೆದು ಬರೆದುಕೊಳ್ಳಿ. ಸುಮ್ನೆ ಕೆಲಸ ಅನ್ನಿಸಬಹುದು, ಆದರೆ ಇದರಷ್ಟು ಉಪಯೋಗದ ತಯಾರಿ ಬೇರೆ ಇಲ್ಲ. ಎಲ್ಲಿ ಏರು ಕಡಿಮೆಯಾಗಿ ಉಸಿರು ಎಳೆದುಕೊಳ್ಳಲು ಜಾಗ ಸಿಗುತ್ತದೆ, ಯಾವ ತಿರುವು ದಾಟಿದ ಕೂಡಲೇ ರಸ್ತೆ ಎದ್ದು ನಿಲ್ಲುತ್ತದೆ, ಡಾಂಬರು ಎಲ್ಲಿ ಕಿತ್ತಿದೆ, ನೀರು ಎಲ್ಲಿ ರಸ್ತೆಗೆ ಅಡ್ಡ ಹರಿಯುತ್ತದೆ, ಎಲ್ಲ ಗೊತ್ತಾಗುತ್ತದೆ. ದೊಡ್ಡ ದೊಡ್ಡ ತಂಡಗಳವರೂ ರೇಸಿಗೆ ಮೊದಲೇ ಬಂದು ಏರುಗಳನ್ನು ಹತ್ತಿ ನೋಡಿಕೊಂಡು ಹೋಗುತ್ತಾರೆ. ನಮಗೆ ಗುಡ್ಡ ಮನೆ ಹತ್ತಿರವೇ ಇರುವಾಗ ಇದನ್ನು ಬಿಡುವುದು ಯಾಕೆ?

ಗೇರು

ಅಂಗಡಿಯಲ್ಲಿ ಜಾಸ್ತಿ ಕೇಳುವ ಪ್ರಶ್ನೆ, ಈ ಗೇರಿಗೆ ಹತ್ತುತ್ತಾ ಅಂತ. ಲೆಕ್ಕ ಹಾಕಿ ನೋಡೋಣ. ಹಳೆಯ ಗೇರಿಲ್ಲದ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಅಂತಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಐದು ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಬಯಲಿನಲ್ಲಿ ಒಳ್ಳೆಯದೇ. ಕಡಿದಾದ ಏರಿನಲ್ಲಿ ಅಷ್ಟು ದೂರವನ್ನು ಒಂದೇ ಸುತ್ತಿಗೆ ಎತ್ತಲು ಮಂಡಿಗೆ ಆಗುವುದಿಲ್ಲ. ರೋಡ್ ಬೈಕಿನಲ್ಲಿ ಮುಂದೆ 34, ಹಿಂದೆಯೂ 34 ಇದ್ದರೆ ಒಂದು ಸುತ್ತಿಗೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ವೇಗ. ನಮ್ಮ ಕಡೆ ಜಾಸ್ತಿ ಮಾರಾಟ ಆಗುವ ಮುಂದೆ ಮೂರು, ಹಿಂದೆ ಏಳು ಗೇರಿನ ಎಂಟಿಬಿಯಲ್ಲಿ (ಮೌಂಟನ್ ಬೈಕ್) ಮುಂದಿನ ಚಿಕ್ಕ ಚೈನ್ ವೀಲಿಗೆ ಸಾಮಾನ್ಯವಾಗಿ 24 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 28. ಒಂದು ಸುತ್ತಿಗೆ 1.8 ಮೀಟರಿನ ಆಸುಪಾಸು.

ಕುಂದಾದ್ರಿಗೆ ಇದು ಸಾಕು ಅನ್ನುವವರಿದ್ದಾರೆ. ಹೊಸಬರಿಗೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಹಿಂದಿನ ಫ್ರೀವೀಲನ್ನು, ಅಂದರೆ ಹಲ್ಲುಚಕ್ರಗಳ ಗೊಂಚಲನ್ನು, 14ರಿಂದ 34 ಹಲ್ಲಿನದ್ದಕ್ಕೆ ಬದಲಾಯಿಸಿ. ಆಗ ಒಂದು ಸುತ್ತಿಗೆ ಒಂದೂವರೆ ಮೀಟರ್ ಹತ್ತಿರ ಬರುತ್ತದೆ. ಗಂಟೆಗೆ ಐದು ಚಿಲ್ಲರೆ ಕಿ.ಮೀ. ವೇಗದಲ್ಲೂ ಕಾಲು ಸರಾಗವಾಗಿ ತಿರುಗುತ್ತದೆ. ಹೊಸ ಸೈಕಲ್ ತಗೊಳ್ಳುವ ಖರ್ಚಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ಕೊಳ್ಳುವ ಮೊದಲು ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲಿನ ತನಕ ಹಿಡಿಯುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಚೈನಿಗೂ ಒಂದೆರಡು ಕೊಂಡಿ ಜಾಸ್ತಿ ಬೇಕಾಗಬಹುದು.

ಇನ್ನೊಂದು ಸಣ್ಣ ಕೆಲಸ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಗಾಳಿಯಲ್ಲಿ ಇರಲಿ. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ತನ್ನಿ. ಈಗ ಹಿಂದೆ ಕೂತು, ಕಣ್ಣನ್ನು ಚಕ್ರದ ಮಟ್ಟಕ್ಕೆ ಇಳಿಸಿ ನೋಡಿ. ಡಿರೈಲರಿನ ಮೇಲಿನ ಚಿಕ್ಕ ಚಕ್ರ ಆ ದೊಡ್ಡ ಹಲ್ಲುಚಕ್ರದ ಸರಿಯಾಗಿ ಕೆಳಗೆ ಇರಬೇಕು. ಸ್ವಲ್ಪ ಒಳಗೆ ಕಡ್ಡಿಗಳ ಕಡೆ ವಾಲಿದ್ದರೆ, ಡಿರೈಲರಿನಲ್ಲಿ ಎಲ್ (L) ಅಂತ ಗುರುತಿರುವ ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ಬಯಲಿನಲ್ಲಿ ಈ ಗೇರು ಯಾರೂ ಬಳಸುವುದಿಲ್ಲ, ಹಾಗಾಗಿ ದೋಷ ಇದ್ದರೂ ಗೊತ್ತಾಗುವುದಿಲ್ಲ. ಗುಡ್ಡದ ಮೇಲೆ ಜೀವ ಬಿಟ್ಟು ತುಳಿಯುವಾಗ ಚೈನು ಹಾರಿ ಕಡ್ಡಿಗೆ ಸಿಕ್ಕಿಹಾಕಿಕೊಂಡರೆ ಚಕ್ರ ಅಲ್ಲೇ ಲಾಕ್ ಆಗುತ್ತದೆ. ಡಿರೈಲರ್ ಮುರಿದು, ಕಡ್ಡಿ ತುಂಡಾದ ಸೈಕಲ್ಲನ್ನು ಆಟೊದಲ್ಲಿ ಹಾಕಿಕೊಂಡು ಅಂಗಡಿಗೆ ತಂದವರನ್ನು ನೋಡಿದ್ದೇನೆ. ಐದು ನಿಮಿಷದ ಕೆಲಸ ಇದು. ದಯವಿಟ್ಟು ಮಾಡಿ.

ಬ್ರೇಕು ಹತ್ತುವುದಕ್ಕೆ ಬೇಡ, ಇಳಿಯುವುದಕ್ಕೆ ಬೇಕೇ ಬೇಕು. ಬ್ರೇಕ್ ಶೂವಿನ ಮೇಲೆ ಗೀರುಗೀರಾಗಿ ತೋಡು ಇರುತ್ತದೆ. ಆ ತೋಡು ಮಾಸಿ ನುಣ್ಣಗಾಗಿದ್ದರೆ ಹೊಸದು ಹಾಕಿಸಿ. ಡಿಸ್ಕ್ ಬ್ರೇಕ್ ಇದ್ದವರು ಪ್ಯಾಡ್ ಎಷ್ಟು ದಪ್ಪ ಉಳಿದಿದೆ ಅಂತ ನೋಡಿಸಿ. ಸೀಟಿನ ಎತ್ತರ: ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನ ತುದಿಗೆ ತಂದರೆ ಕಾಲು ನೆಟ್ಟಗಾಗಬೇಕು. ನಮ್ಮ ಹುಡುಗರು ಸೀಟು ತೀರಾ ಕೆಳಗೆ ಇಟ್ಟುಕೊಳ್ಳುತ್ತಾರೆ, ಅದರಿಂದಲೇ ಅರ್ಧ ಮಂಡಿ ನೋವು.

ಬುಡದಿಂದ ತುದಿಗೆ

ತೀರ್ಥಹಳ್ಳಿ ಕಡೆಯಿಂದ ಆಗುಂಬೆ ರಸ್ತೆ ಹಿಡಿದು ಬಂದರೆ ಗುಡ್ಡೇಕೇರಿಯಲ್ಲಿ ಕುಂದಾದ್ರಿಗೆ ತಿರುಗಬೇಕು. ಅಲ್ಲಿಗೆ ಬರುವಷ್ಟರಲ್ಲಿ ಮೈ ಬಿಸಿಯಾಗಿರುತ್ತದೆ, ಒಳ್ಳೆಯದು. ಕಾರಿನಲ್ಲಿ ಸೈಕಲ್ ಹಾಕಿಕೊಂಡು ಬುಡಕ್ಕೇ ಬರುವವರು ಇಪ್ಪತ್ತು ನಿಮಿಷ ಸುತ್ತಮುತ್ತ ಆರಾಮಾಗಿ ತುಳಿದು ಆಮೇಲೆ ಹೊರಡಿ. ತಣ್ಣಗಿರುವ ಕಾಲನ್ನು ನೇರವಾಗಿ ಏರಿಗೆ ಹಚ್ಚಬೇಡಿ. ಹೊಟ್ಟೆ ತುಂಬಾ ತಿಂದೂ ಬರಬೇಡಿ. ಕಡುಬು ತಿಂದಿದ್ದರೆ ಎರಡು ಗಂಟೆ ಬಿಡಿ. ಜೇಬಿನಲ್ಲಿ ಎರಡು ಬಾಳೆಹಣ್ಣು, ಸ್ವಲ್ಪ ಬೆಲ್ಲ ಸಾಕು. ಬಾಟಲಿಯಲ್ಲಿ ಚಿಟಿಕೆ ಉಪ್ಪು ಹಾಕಿದ ಮುರುಗಲು ಪಾನಕ ಇದ್ದರೆ ಇನ್ನೂ ಒಳ್ಳೆಯದು.

ಏರು ಶುರುವಾಗುವ ಮೊದಲೇ ಗೇರು ಇಳಿಸಿ, ಅಂದರೆ ಹಗುರ ಮಾಡಿಕೊಳ್ಳಿ. ಇದು ಬಹಳ ಮುಖ್ಯ. ಏರಿನಲ್ಲಿ ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದಿರುವಾಗ ಗೇರು ಬದಲಿಸಿದರೆ ಚೈನು ಕರಕರ ಅನ್ನುತ್ತದೆ, ಹಲ್ಲಿನಿಂದ ಹಲ್ಲಿಗೆ ಹೋಗದೆ ಒದ್ದಾಡುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಮುಂದಿನದನ್ನು ಚಿಕ್ಕ ಚೈನ್ ವೀಲಿಗೆ ಬುಡದ ಸಮತಟ್ಟಿನಲ್ಲೇ ಹಾಕಿಕೊಳ್ಳಿ. ಹಿಂದಿನದನ್ನು ಏರಿನಲ್ಲಿ ಒಂದೊಂದಾಗಿ ಇಳಿಸಿ. ಬದಲಿಸುವ ಆ ಅರ್ಧ ಸುತ್ತಿನಲ್ಲಿ ಕಾಲಿನ ಬಲ ಸ್ವಲ್ಪ ಸಡಿಲಿಸಿ. ಸಾಧ್ಯವಾದರೆ ಕಡೆಯ ಒಂದು ಗೇರನ್ನು ಮೇಲಿನ ಕಷ್ಟದ ತಿರುವಿಗೆ ಅಂತ ಉಳಿಸಿಕೊಳ್ಳಿ.

ಈಗ ಆ ಮುನ್ನೂರು ಮೀಟರ್. ಅಲ್ಲಿ ನಿಮಗೆ ತೀರಾ ನಿಧಾನ ಅನ್ನಿಸಬೇಕು. ಅಕ್ಕನ ಮಗಳು ಮೊದಲ ಸಲ ಹತ್ತಲು ಹೊರಟಾಗ ಅವಳಿಗೆ ಹದಿಮೂರರ ಮಗ್ಗಿ ಜೋರಾಗಿ ಹೇಳುತ್ತಾ ತುಳಿ ಅಂದೆ. "ಮಾವ, ಇಷ್ಟು ನಿಧಾನ ಹೋದ್ರೆ ಹಿಂದೆ ಬರೋರು ನಗ್ತಾರೆ" ಅಂದಳು. ನಗಲಿ ಬಿಡು ಅಂದೆ. ಮಗ್ಗಿಯ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹೇಳಲು ಆಗುತ್ತಿದ್ದರೆ ವೇಗ ಸರಿ ಇದೆ. "ಹದಿಮೂರು ನಾಲ್ಕಲಿ" ಅನ್ನುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು ಅಂತ ಲೆಕ್ಕ. ಅವಳು ಮಗ್ಗಿ ಮುಗಿಸಿ ಹದಿನಾಲ್ಕರದ್ದಕ್ಕೆ ಹೋದಳು. ಮೇಲಿನ ಅರ್ಧದಲ್ಲಿ ಮಾತು ನಿಂತಿತು, ಕಾಲು ನಿಲ್ಲಲಿಲ್ಲ.

ಬುಡದಲ್ಲಿ ಇಷ್ಟು ಜತನ ಯಾಕೆ? ಬಯಲಿನಲ್ಲಿ ದಣಿದರೆ ತುಳಿಯುವುದನ್ನು ಬಿಡಬಹುದು, ಸೈಕಲ್ ತನ್ನಷ್ಟಕ್ಕೆ ಉರುಳುತ್ತಾ ಹೋಗುತ್ತದೆ, ಅಷ್ಟರಲ್ಲಿ ಉಸಿರು ಹದಕ್ಕೆ ಬರುತ್ತದೆ. ಶೇಕಡ 15ರ ಏರಿನಲ್ಲಿ ಗಂಟೆಗೆ ಏಳು ಕಿ.ಮೀ. ವೇಗದಲ್ಲಿ ಹೋಗುತ್ತಾ ಕಾಲು ನಿಲ್ಲಿಸಿ ನೋಡಿ, ಒಂದೂವರೆ ಸೆಕೆಂಡ್ ಆಗುವ ಮೊದಲೇ ಸೈಕಲ್ ನಿಂತುಬಿಡುತ್ತದೆ. ಅಂದರೆ ಏರಿನಲ್ಲಿ ಉಸಿರಿನ ಸಾಲ ತೀರಿಸಲು ಸಮಯವೇ ಸಿಗುವುದಿಲ್ಲ. ಒಮ್ಮೆ ಉಸಿರು ಮಿತಿ ಮೀರಿದರೆ ಕಾಲಿನಲ್ಲಿ ಉರಿ ಶುರುವಾಗುತ್ತದೆ, ಅದು ಇಳಿಯಬೇಕಾದರೆ ನೀವು ನಿಧಾನ ಮಾಡಬೇಕು, ನಿಧಾನ ಮಾಡಿದರೆ ಸೈಕಲ್ ಬೀಳುತ್ತದೆ. 65 ಕೆ.ಜಿ. ತೂಕದ ಮನುಷ್ಯ 13 ಕೆ.ಜಿ. ಸೈಕಲ್ಲಿನಲ್ಲಿ ಶೇಕಡ 10ರ ಏರನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 130 ವ್ಯಾಟ್ ಬೇಕು. ಅದೇ ಏರನ್ನು 9 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ 190 ದಾಟುತ್ತದೆ. ಮೊದಲಿನದ್ದನ್ನು ಅಭ್ಯಾಸ ಇರುವ ಯಾರು ಬೇಕಾದರೂ ಬಹಳ ಹೊತ್ತು ತುಳಿಯಬಹುದು. ಎರಡನೆಯದ್ದು ಹೆಚ್ಚಿನವರಿಗೆ ಕೆಲವೇ ನಿಮಿಷದ ಮಾತು. ಆ ಮೂರು ಕಿ.ಮೀ. ವೇಗದ ಆಸೆಗೆ ಗುಡ್ಡ ಕಳೆದುಕೊಳ್ಳುವುದು ಯಾವ ಲೆಕ್ಕ?

ಕೂತು ತುಳಿಯುವುದೋ, ಎದ್ದು ತುಳಿಯುವುದೋ? ಆದಷ್ಟು ಕೂತೇ ತುಳಿಯಿರಿ. ಏರು ಶೇಕಡ ಹತ್ತು ದಾಟಿದ ಮೇಲೆ ಸೀಟಿನ ಮೂತಿಯ ಕಡೆ ಸ್ವಲ್ಪ ಜರುಗಿ ಕೂರಿ, ಮೊಣಕೈ ಮಡಚಿ, ಎದೆಯನ್ನು ಹ್ಯಾಂಡಲಿನ ಕಡೆ ತಗ್ಗಿಸಿ. ಹಿಂದಕ್ಕೆ ವಾಲಿ ಕೂತರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ತೀರಾ ಮುಂದೆ ಬಾಗಿದರೆ ಹಿಂದಿನ ಚಕ್ರ, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಹಿಡಿತ ಬಿಟ್ಟು ಜಾರುತ್ತದೆ. ಇವೆರಡರ ನಡುವಿನ ಜಾಗ ಯಾವುದು ಅನ್ನುವುದು ನಿಮ್ಮ ಮೈಗೇ ಗೊತ್ತಾಗಬೇಕು. ಹ್ಯಾಂಡಲನ್ನು ಗಟ್ಟಿಯಾಗಿ ಹಿಸುಕಬೇಡಿ. ಕೈಯಲ್ಲಿ ಖರ್ಚಾದ ಬಲ ಕಾಲಿಗೆ ಸಿಗುವುದಿಲ್ಲ. ಬೆನ್ನು ಹಿಡಿದಂತಾದಾಗ, ಅಥವಾ ಎರಡು ಮೂರು ಮಾರು ತೀರಾ ಕಡಿದಿದ್ದಾಗ ಎದ್ದು ನಿಲ್ಲಿ. ಏಳುವ ಮೊದಲು ಒಂದು ಗೇರು ಭಾರ ಮಾಡಿಕೊಳ್ಳಿ, ಇಲ್ಲದಿದ್ದರೆ ಪೆಡಲ್ ಧಸಕ್ಕನೆ ಕೆಳಗೆ ಹೋಗಿ ಲಯ ತಪ್ಪುತ್ತದೆ. ಕೂತ ಮೇಲೆ ಮತ್ತೆ ಹಗುರ ಮಾಡಿ.

ತಿರುವುಗಳಲ್ಲಿ ಒಂದು ಗುಟ್ಟಿದೆ. ಒಳಗಿನ ಅಂಚಿನಲ್ಲಿ ದೂರ ಕಡಿಮೆ, ಆದರೆ ಎತ್ತರ ಅಷ್ಟೇ ಹತ್ತಬೇಕು. ಹಾಗಾಗಿ ಒಳಗಡೆ ಏರು ಜಾಸ್ತಿ, ಹೊರಗಡೆ ಕಡಿಮೆ. ನಾವು ಎಡಗಡೆ ಹೋಗುವವರು. ಬಲಕ್ಕೆ ತಿರುಗುವ ತಿರುವಿನಲ್ಲಿ ನಮ್ಮ ಬದಿಯೇ ಹೊರಗಿನ ಬದಿ, ಆರಾಮಾಗಿ ಹೋಗಬಹುದು. ಎಡಕ್ಕೆ ತಿರುಗುವಾಗ ನಮ್ಮ ಪಾಲಿಗೆ ಬರುವುದು ಒಳಗಿನ ಕಡಿದಾದ ಅಂಚು. ಅಲ್ಲಿ ಮೇಲಿನಿಂದ ವಾಹನ ಬರುತ್ತಿಲ್ಲ ಅನ್ನುವುದು ಕಣ್ಣಿಗೆ ಖಚಿತವಾಗಿ ಕಂಡರೆ ಮಾತ್ರ ರಸ್ತೆಯ ನಡುವಿನ ತನಕ ಬಂದು ಅಗಲವಾಗಿ ತಿರುಗಿ. ಕಾಣದಿದ್ದರೆ ಒಳಗೇ ಇರಿ, ಉಳಿಸಿಕೊಂಡ ಆ ಕಡೆಯ ಗೇರು ಬಳಸಿ. ಮ್ಯೂರ್ ದ ವೀಯಲ್ಲಿ ರೇಸಿನ ದಿನ ರಸ್ತೆ ಪೂರ್ತಿ ಸವಾರರದ್ದೇ. ಕುಂದಾದ್ರಿಯ ರಸ್ತೆ ಕಿರಿದು, ಸೂರ್ಯೋದಯ ನೋಡಲು ಬಂದ ಕಾರುಗಳು ಎದುರಿಗೆ ಇಳಿಯುತ್ತಿರುತ್ತವೆ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಹೊರಗಿನಿಂದ ಬಂದ ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ. ರಜೆಯ ದಿನ ಬಿಟ್ಟು ವಾರದ ನಡುವೆ ಹೋಗಿ ಅಂತ ನಾನು ಹೇಳುವುದು ಇದಕ್ಕೇ.

ಇಳಿದುಬಿಟ್ಟರೆ? ಇಳಿಯಿರಿ, ತಳ್ಳಿ, ಅದರಲ್ಲಿ ಏನೂ ಇಲ್ಲ. ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ರೇಸಿನಲ್ಲಿ ಕೋಪನ್‌ಬರ್ಗ್ ಅಂತ 600 ಮೀಟರಿನ ಒಂದು ಏರಿದೆ, ಕಲ್ಲು ಹಾಸಿದ ರಸ್ತೆ, ಏರು 22% ಮುಟ್ಟುತ್ತದೆ. 2024ರಲ್ಲಿ ಅಲ್ಲಿ ಒದ್ದೆ, ಕೆಸರು. ಪ್ರಪಂಚದ ದೊಡ್ಡ ದೊಡ್ಡ ಸವಾರರು ಇಳಿದು ಸೈಕಲ್ ತಳ್ಳಿಕೊಂಡು ಓಡಿದರು. ತುಳಿದುಕೊಂಡೇ ಹತ್ತಿದ ಮ್ಯಾಥ್ಯೂ ವ್ಯಾನ್ ಡರ್ ಪೂಲ್ ಆ ದಿನ ಗೆದ್ದರು. ಇಳಿದ ಮೇಲೆ ಮತ್ತೆ ಹತ್ತುವುದೇ ಕಷ್ಟ, ಅದಕ್ಕೊಂದು ಕ್ರಮ ಇದೆ. ವಾಹನ ಇಲ್ಲದಾಗ ಸೈಕಲ್ಲನ್ನು ರಸ್ತೆಗೆ ಓರೆಯಾಗಿ ನಿಲ್ಲಿಸಿ, ಎರಡೂ ಬ್ರೇಕ್ ಹಿಡಿಯಿರಿ. ನಿಮ್ಮ ಬಲವಾದ ಕಾಲಿನ ಪೆಡಲನ್ನು ಮೇಲಿನಿಂದ ಸ್ವಲ್ಪ ಮುಂದಕ್ಕೆ ತಂದುಕೊಳ್ಳಿ. ಬ್ರೇಕ್ ಬಿಡುವುದೂ ಆ ಪೆಡಲ್ ಒತ್ತುವುದೂ ಒಂದೇ ಹೊತ್ತಿಗೆ ಆಗಬೇಕು. ಇನ್ನೊಂದು ಕಾಲಿಗೆ ಪೆಡಲ್ ಸಿಕ್ಕಿ ಒಂದೆರಡು ಸುತ್ತು ಆದ ಮೇಲೆ ಸೈಕಲ್ಲನ್ನು ಏರಿಗೆ ನೆಟ್ಟಗೆ ಮಾಡಿ.

ತುದಿ ಕಂಡ ಕೂಡಲೇ ಜೋರು ಮಾಡುವ ಆಸೆ ಬರುತ್ತದೆ. ಉಸಿರು ಹಿಡಿತದಲ್ಲಿದ್ದರೆ ಮಾಡಿ, ಈಗ ತಡೆಯುವುದಿಲ್ಲ. ಸಮುದ್ರ ಮಟ್ಟದಿಂದ 826 ಮೀಟರ್ ಎತ್ತರ ಅದು. ಬಂಡೆಯ ಮೇಲೆ ಬಸದಿ, ಪಕ್ಕದಲ್ಲಿ ಕೊಳ, ಕೆಳಗೆ ಗದ್ದೆ, ತೋಟ, ಕಾಡು. ಬಸದಿಯ ಹತ್ತಿರ ಸೈಕಲ್ ಗದ್ದಲ ಬೇಡ. ಶೂ ಕಳಚಿಟ್ಟು ನೋಡಿ ಬನ್ನಿ. ಎದೆಯಲ್ಲಿ ನೋವು, ತಲೆ ಸುತ್ತು ಕಾಣಿಸಿಕೊಂಡವರು ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರ್ ಹತ್ತಿರ ಕೇಳದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಮಳೆ, ಹಾವಸೆ, ಉಣುಗು

ಜೂನಿನಿಂದ ಸೆಪ್ಟೆಂಬರ್ ತನಕ ಕುಂದಾದ್ರಿಗೆ ಸೈಕಲ್ ಬೇಡ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಸೀಮೆ ಇದು. ಮಳೆ ನಿಂತ ಮೇಲೂ ರಸ್ತೆಯ ಅಂಚಿನಲ್ಲಿ, ಮರದ ನೆರಳು ಬೀಳುವ ಕಡೆ ಹಾವಸೆ ಉಳಿದಿರುತ್ತದೆ. ಕಪ್ಪು ಡಾಂಬರಿನ ಮೇಲೆ ಕಡು ಹಸಿರು, ದೂರದಿಂದ ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ಹತ್ತುವಾಗ ಚಕ್ರ ಅದರ ಮೇಲೆ ಸುಮ್ಮನೆ ತಿರುಗುತ್ತದೆ, ಇಳಿಯುವಾಗ ಅದೇ ಜಾಗ ಮೂಳೆ ಮುರಿಯುತ್ತದೆ. ಕಾರಿನ ಚಕ್ರ ಓಡಾಡಿದ ಗೆರೆಯಲ್ಲೇ ಹೋಗಿ, ಅಲ್ಲಿ ಹಾವಸೆ ಕಟ್ಟುವುದಿಲ್ಲ. ಒದ್ದೆ ಇರುವ ದಿನ ಟೈರಿನ ಗಾಳಿ ಐದಾರು ಪಿಎಸ್ಐ ಕಡಿಮೆ ಮಾಡಿಕೊಳ್ಳಿ. ಸ್ಪೇನಿನಲ್ಲಿ ಆಂಗ್ಲಿರು ಅಂತ ಭಯಂಕರ ಏರಿದೆ, ಹನ್ನೆರಡೂವರೆ ಕಿ.ಮೀ. ಉದ್ದ, ಕೆಲವು ಕಡೆ 23% ದಾಟುತ್ತದೆ. 2002ರ ವುವೆಲ್ತಾ ರೇಸಿನಲ್ಲಿ ಅಲ್ಲಿ ಮಳೆ ಬಂದಾಗ ತಂಡಗಳ ಕಾರುಗಳೇ ಏರಲಾರದೆ ನಿಂತುಬಿಟ್ಟವು. ಒದ್ದೆಯಾದ ಕಡಿದಾದ ರಸ್ತೆ ಅಂದರೆ ಹಾಗೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗಿನ ಮಂಜು ದಟ್ಟವಾಗಿರುತ್ತದೆ, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಹಾಕಿಕೊಳ್ಳಿ. ಆದರೆ ಡಿಸೆಂಬರಿನಿಂದ ಮೇ ತನಕ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಅದು, ಉಣುಗು ಕಚ್ಚುವುದರಿಂದ ಬರುತ್ತದೆ. ಸುಸ್ತಾಯಿತು ಅಂತ ರಸ್ತೆ ಬದಿಯ ತರಗೆಲೆಯ ಮೇಲೆ ಸೈಕಲ್ ಮಲಗಿಸಿ ನೀವೂ ಮಲಗಬೇಡಿ. ಡಾಂಬರಿನ ಮೇಲೋ, ಬಂಡೆಯ ಮೇಲೋ ಕೂರಿ. ಉಣುಗು ಹತ್ತದಂತೆ ಕಾಲಿಗೆ ಡೀಪಾ ಎಣ್ಣೆ ಹಚ್ಚಿಕೊಂಡು ಹೊರಡಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ದಾರಿಯಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇಳಿಯುವುದು

ಹತ್ತಿದವರೆಲ್ಲ ಇಳಿಯಲೂ ಬಲ್ಲರು ಅಂತ ನಾನು ಒಪ್ಪುವುದಿಲ್ಲ. ಪೆಟ್ಟು ಆಗುವುದು ಇಳಿಯುವಾಗಲೇ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗ ಬ್ರೇಕ್ ಹಿಡಿದು ವೇಗ ಇಳಿಸಿ. ತಿರುವಿನ ಒಳಗೆ ಬ್ರೇಕ್ ಒತ್ತಬೇಡಿ. ಎರಡೂ ಬ್ರೇಕ್ ಬೇಕು. ಮುಂದಿನದಕ್ಕೆ ಹೆದರಿ ಹಿಂದಿನದನ್ನೇ ಒತ್ತುವವರ ಹಿಂದಿನ ಚಕ್ರ ಜಾರುತ್ತದೆ. ಉದ್ದಕ್ಕೂ ಒತ್ತಿ ಹಿಡಿಯದೆ ಒತ್ತಿ, ಬಿಟ್ಟು, ಮತ್ತೆ ಒತ್ತಿ. ರಿಮ್ ಕಾದು ಟ್ಯೂಬ್ ಒಡೆಯುವುದು ಒತ್ತಿಯೇ ಹಿಡಿದಾಗ. ಅರ್ಧ ದಾರಿಯಲ್ಲಿ ಅಗಲವಾದ ಜಾಗ ನೋಡಿ ನಿಂತು ಐದು ನಿಮಿಷ ಆರಲು ಬಿಡಿ, ರಿಮ್ಮಾಗಲಿ ಡಿಸ್ಕಾಗಲಿ ಕೈಯಿಂದ ಮುಟ್ಟಬೇಡಿ. ರಿಮ್ ಒದ್ದೆ ಇದ್ದರೆ ಬ್ರೇಕ್ ಹಿಡಿಯಲು ಚಕ್ರ ಒಂದೆರಡು ಸುತ್ತು ಬರಬೇಕಾಗುತ್ತದೆ, ಆ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಮೊದಲೇ ಒತ್ತಿ. ಬೆವರು ಆರುವಾಗ ಚಳಿ ಹಿಡಿದು ಬೆರಳು ಮರಗಟ್ಟುತ್ತದೆ, ಒಂದು ತೆಳ್ಳನೆಯ ಜಾಕೆಟ್ ಜೊತೆಯಲ್ಲಿರಲಿ.

ಆಮೇಲೆ ಆಗುಂಬೆ

ಕುಂದಾದ್ರಿ ಹಿಡಿತಕ್ಕೆ ಬಂದ ಮೇಲೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ. ಹದಿನಾಲ್ಕು ಹೇರ್‌ಪಿನ್ ತಿರುವು. ಬಸ್ಸು ಕಾರುಗಳಿಗೆ ಅಂತ ಮಾಡಿದ ರಸ್ತೆ, ಅಷ್ಟು ಕಡಿದಲ್ಲ, ಆದರೆ ಉದ್ದ. ಫ್ರಾನ್ಸಿನ ಆಲ್ಪ್ ದ್ಯುಎಜ್ ಇದರ ದೊಡ್ಡ ಅಣ್ಣ ಅನ್ನಬಹುದು: 13.8 ಕಿ.ಮೀ., ಸರಾಸರಿ 8.1%, ಇಪ್ಪತ್ತೊಂದು ತಿರುವು. 1952ರಲ್ಲಿ ಟೂರ್ ಡಿ ಫ್ರಾನ್ಸ್ ಮೊದಲ ಸಲ ಅಲ್ಲಿಗೆ ಹೋದಾಗ ಇಟಲಿಯ ಫೌಸ್ಟೊ ಕೊಪ್ಪಿ ಗೆದ್ದರು. ಇಂಥ ಏರಿನಲ್ಲಿ ಒಂದೇ ಲಯ ಹಿಡಿದು ಕೂತಲ್ಲೇ ತುಳಿಯಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಗುಟುಕು ನೀರು ಕುಡಿಯುತ್ತಿರಿ.

ತೀರ್ಥಹಳ್ಳಿ ಕಡೆಯವರು ಮೊದಲು ಘಾಟಿ ಇಳಿದು ಆಮೇಲೆ ಹತ್ತಬೇಕು ಅನ್ನುವುದನ್ನು ಮರೆಯಬೇಡಿ. ಇಳಿಯುವಾಗಲೇ ಕೈ, ಬ್ರೇಕು ಎರಡೂ ದಣಿದಿರುತ್ತವೆ. ಭಾರಿ ವಾಹನಗಳಿಗೆ ನಿರ್ಬಂಧ ಇದ್ದರೂ ಮಿನಿ ಬಸ್ಸು, ಕಾರು ಇದ್ದೇ ಇರುತ್ತವೆ. ಸಂಜೆ ಸೂರ್ಯಾಸ್ತ ನೋಡುವವರ ಸಾಲು ಬೇರೆ, ಆ ಹೊತ್ತಿನಲ್ಲಿ ಹೋಗಬೇಡಿ. ಮಂಗಗಳಿಗೆ ತಿಂಡಿ ಎಸೆಯುವವರು ನಿಂತಿರುವ ಕಡೆ ನಿಧಾನ ಮಾಡಿ, ಅವು ದಿಢೀರನೆ ಚಕ್ರದ ಅಡ್ಡ ಬರುತ್ತವೆ. ಸೋಮೇಶ್ವರದಲ್ಲಿ ಸೆಕೆ ಜಾಸ್ತಿ, ಮೇಲಿನಷ್ಟು ತಂಪು ಇರುವುದಿಲ್ಲ. ಬಾಟಲಿ ತುಂಬಿಸಿಕೊಂಡು, ಬ್ರೇಕ್ ಆರಲು ಹತ್ತು ನಿಮಿಷ ಬಿಟ್ಟು, ಬೆಳಿಗ್ಗೆ ಎಂಟರ ಒಳಗೆ ವಾಪಸ್ ಏರು ಶುರು ಮಾಡಿ.